‘ಮನೆ ಅಳಿಯ’ನಿಗೆ ಹಗುರವಲ್ಲದ ಪದವೊಂದು ಇದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಪರಿಚಯದವರೊಬ್ಬರಿಗಾಗಿ ತೆಲುಗಿನ ಹಳೆಯ ಆಸ್ತಿ ಕರಾರೊಂದನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಅದರಲ್ಲಿ ‘ಇಲ್ಲರಿಕಪು ಅಲ್ಲುಡು’ ಎಂದು ನಾಲ್ಕು ಕಡೆ ಬರುತ್ತದೆ. ಮೊದಲ ಸಲ ಹೆಚ್ಚು ಯೋಚಿಸದೆ ‘ಮನೆ ಅಳಿಯ’ ಎಂದು ಬರೆದೆ. ಎರಡನೆಯ ಸಲಕ್ಕೆ ಕೈ ತಡೆಯಿತು. ಮೂಲದಲ್ಲಿ ಆತ ಮರ್ಯಾದಸ್ಥ ಪಕ್ಷಕಾರ, ಸರಿಸಮನಾಗಿ ಕೂತು ರುಜು ಹಾಕಿದವನು. ನನ್ನ ಕನ್ನಡದಲ್ಲಿ ಬಿಟ್ಟಿ ಕೂಳಿಗೆ ಬಂದು ಸೇರಿಕೊಂಡವನಂತೆ ಕಾಣುತ್ತಿದ್ದಾನೆ.

ಆಂಧ್ರದ ರೆಡ್ಡಿ, ಕಮ್ಮ ಮನೆತನಗಳಲ್ಲಿ ಇದು ನಡೆದು ಬಂದ ಪದ್ಧತಿ. ‘ಇಲ್ಲಟಂ’ ಎಂಬ ಹೆಸರಿನಲ್ಲಿ ಮದರಾಸು ಪ್ರಾಂತ್ಯದ ನ್ಯಾಯಾಲಯಗಳೂ ಇದನ್ನು ಮಾನ್ಯ ಮಾಡಿದ್ದವು. ಮಾವನ ಬೇಸಾಯ, ಆಸ್ತಿಪಾಸ್ತಿ ನೋಡಿಕೊಳ್ಳಲು ಹೆಗಲು ಕೊಡುವ ಅಳಿಯನಿಗೆ ಮಗನಿಗಿರುವಂಥದೇ ಪಾಲು. ದತ್ತು ಹೋದವನಂತೆ ಹುಟ್ಟಿದ ಮನೆಯ ಹಕ್ಕನ್ನು ಅವನು ಕಳೆದುಕೊಳ್ಳುವುದೂ ಇಲ್ಲ. ಅಂದರೆ ಇದು ಕೊಡುಕೊಳ್ಳುವ ಒಪ್ಪಂದ, ಯಾರ ಹಂಗೂ ಅಲ್ಲ.

ನಮ್ಮ ಪದದ ತೊಂದರೆ ಅದರ ಜೊತೆಗೆ ಬರುವ ಕ್ರಿಯಾಪದದಲ್ಲೇ ಇದೆ ಎಂದು ನನ್ನ ಅನುಮಾನ. ಹೆಣ್ಣನ್ನು ‘ಕೊಡುತ್ತೇವೆ’, ‘ತರುತ್ತೇವೆ’, ‘ಮನೆ ತುಂಬಿಸಿಕೊಳ್ಳುತ್ತೇವೆ’. ಮನೆ ಅಳಿಯನನ್ನು ಮಾತ್ರ ‘ಇಟ್ಟುಕೊಳ್ಳುತ್ತೇವೆ’. ಆಳನ್ನು, ಎಮ್ಮೆಯನ್ನು, ಬಾಡಿಗೆಯವರನ್ನು ಇಟ್ಟುಕೊಳ್ಳುವ ಅದೇ ಕ್ರಿಯಾಪದ. ‘ಮನೆ ಮಗ’ ಅಂದರೆ ಹೊಗಳಿಕೆ. ‘ಈ ಮನೆ ಸೊಸೆ’ ಅಂದರೆ ಗತ್ತು. ಅದೇ ‘ಮನೆ’ ಅಳಿಯನ ಹಿಂದೆ ಬಂದು ನಿಂತ ಕೂಡಲೇ ಕೇಳಿದವರ ತುಟಿಯಂಚಿನಲ್ಲಿ ನಗು. ಸೊಸೆ ಅತ್ತೆಮನೆಯಲ್ಲಿರುವುದು ಲೋಕಾರೂಢಿ, ಅದಕ್ಕೆ ಬೇರೆ ಹೆಸರು ಬೇಕಿಲ್ಲ. ಗಂಡಸು ಇದ್ದರೆ ಹೆಸರಿಟ್ಟು ತೋರಿಸಬೇಕು.

ನಮ್ಮ ಚಿಕ್ಕಪ್ಪ, ಅಂದರೆ ಅಮ್ಮನ ತಂಗಿಯ ಗಂಡ, ಅಜ್ಜಿಯ ಮನೆಗೆ ಹಾಗೆ ಬಂದವರು. ಮೂವತ್ತು ವರ್ಷ ಆ ತೋಟ ಮಾಡಿದರು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ‘ನಮ್ಮ ತೋಟ’ ಎಂಬ ಮಾತನ್ನು ನಾನು ಕೇಳಲಿಲ್ಲ; ‘ಈ ತೋಟ’ ಅನ್ನುತ್ತಿದ್ದರು. ಕಾಯಿ ವ್ಯಾಪಾರಕ್ಕೆ ಬಂದವನಿಗೆ ದರ ಗಟ್ಟಿ ಮಾಡಿ ಹೇಳಿದ ಮೇಲೂ ‘ಮಾವನೋರನ್ನ ಒಂದ್ಮಾತು ಕೇಳ್ಬಿಡಿ’ ಎಂದು ಸೇರಿಸುತ್ತಿದ್ದರು. ತಾತ ತೀರಿಕೊಂಡ ಮೇಲೆ ಆ ವಾಕ್ಯದಲ್ಲಿ ‘ಮಾವನೋರು’ ಹೋಗಿ ‘ಅತ್ತೆಯೋರು’ ಬಂದರು, ವಾಕ್ಯ ಹಾಗೇ ಉಳಿಯಿತು. ಅಜ್ಜಿಗೆ ಆಗ ಕಿವಿ ಕೇಳುತ್ತಿರಲಿಲ್ಲ.

ಇನ್ನು ಬರೆಯುವ ರೀತಿ. ಮನೆ ಮತ್ತು ಅಳಿಯ ಸೇರಿದರೆ ಯಕಾರಾಗಮವಾಗಿ ‘ಮನೆಯಳಿಯ’ ಆಗಬೇಕು, ಮನೆಯಂಗಳದ ಹಾಗೆ. ಆದರೆ ‘ಮನೆಯ ಅಳಿಯ’ ಎಂಬುದು ಲೋಪಸಂಧಿಯಾದರೂ ‘ಮನೆಯಳಿಯ’ನೇ! ಆಗ ದೀಪಾವಳಿಗೆ ಬಂದು ಉಂಡು ಹೋಗುವ ಅಳಿಯನಿಗೂ ಒಳಗೇ ಇರುವ ಅಳಿಯನಿಗೂ ಬರಹದಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ಜನ ಸಂಧಿ ಮಾಡದೆ ನಡುವೆ ಜಾಗ ಬಿಟ್ಟು ಬರೆಯುವುದು ವ್ಯಾಕರಣದ ಸೋಮಾರಿತನವಲ್ಲ, ಅರ್ಥ ಕಾಪಾಡಿಕೊಳ್ಳುವ ಉಪಾಯ ಎಂದೇ ನನ್ನ ಎಣಿಕೆ. (‘ಅಳಿಯ ಬಂದ, ಮನೆ ಅಳಿಯಿತು’ ಎಂಬ ಕುಚೋದ್ಯ ಹಳಗನ್ನಡದವರಿಗೆ ನಾಲಿಗೆಗೆ ಬರುತ್ತಿರಲಿಲ್ಲ. ನಾಶವಾಗುವ ‘ಅೞಿ’ಯ ಅಕ್ಷರವೇ ಬೇರೆ ಇತ್ತು.)

‘ಅಳಿಯ’ನೇ ಎರಡು ದೋಣಿಯ ಮೇಲೆ ಕಾಲಿಟ್ಟ ಪದ: ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಸೋದರತ್ತೆ, ಸೋದರಮಾವನ ಮಕ್ಕಳಲ್ಲಿ ಮದುವೆ ನಡೆಯುವ ಕಡೆ ಇಬ್ಬರೂ ಒಬ್ಬನೇ ಆಗಿರುವುದುಂಟು. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆಯನ್ನು ಒಂದೇ ವಿಷಯವನ್ನು ತಿರುಗಿಸಿ ಹೇಳಿದ್ದಕ್ಕೆ ಬಳಸುತ್ತೇವೆ. ಆದರೆ ಮೇಲಿನ ಎರಡನೇ ಅರ್ಥ ಹಿಡಿದರೆ ಅಳಿಯ ಬೇರೆ, ಮಗಳ ಗಂಡ ಬೇರೆ ಆಗಲು ಅಡ್ಡಿಯಿಲ್ಲ. ಇದನ್ನು ಮರೆತವರು ತುಳುನಾಡಿನ ಅಳಿಯಸಂತಾನವೆಂದರೆ ಮನೆ ಅಳಿಯನ ಪದ್ಧತಿ ಎಂದುಕೊಳ್ಳುತ್ತಾರೆ. ವಿದ್ಯಾವಂತರೂ ಹೀಗೆ ಹೇಳಿದ್ದನ್ನು ಕೇಳಿದ್ದೇನೆ. ಅಲ್ಲಿನ ಅಳಿಯ ಸೋದರಿಯ ಮಗ. ಹಕ್ಕು ಹರಿಯುವುದು ತಾಯಿಯ ಕಡೆಯಿಂದ. 1949ರ ಮದರಾಸು ಅಳಿಯಸಂತಾನ ಕಾಯಿದೆಯೂ ಆ ಕುಟುಂಬಗಳ ಬಗ್ಗೆಯೇ. ಮಗಳ ಗಂಡನಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಅಳಿಯ ರಾಮರಾಯನ ‘ಅಳಿಯ’ ಮಾತ್ರ ಮಗಳ ಗಂಡನೇ. ಕೃಷ್ಣದೇವರಾಯ ತೀರಿಕೊಂಡು ಮೂರು ದಶಕ ಕಳೆದು, 1565ರಲ್ಲಿ ತಾನೇ ಯುದ್ಧದಲ್ಲಿ ಸತ್ತರೂ ಆ ಪೂರ್ವಪದ ಅವನನ್ನು ಬಿಡಲಿಲ್ಲ.

ಈ ವಿಷಯದಲ್ಲಿ ನನಗೆ ಅಸೂಯೆ ಹುಟ್ಟಿಸುವುದು ಕೊಡವರ ಮಾತು. ಗಂಡು ಸಂತಾನವಿಲ್ಲದ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಅಳಿಯ ಬಂದು ಆ ಒಕ್ಕದವನೇ ಆಗಿಬಿಟ್ಟರೆ ‘ಒಕ್ಕಪರಿಜೆ’. ಅವನು ತನ್ನ ಒಕ್ಕದವನಾಗಿಯೇ ಉಳಿದು, ಹುಟ್ಟುವ ಮಕ್ಕಳು ಮಾತ್ರ ಹೆಂಡತಿಯ ಒಕ್ಕಕ್ಕೆ ಸೇರಿದರೆ ‘ಮಕ್ಕಪರಿಜೆ’. ಗಮನಿಸಿ, ಎರಡೂ ಮದುವೆಯ ಬಗೆಗೆ ಇಟ್ಟ ಹೆಸರು, ಗಂಡಸಿನ ಹಣೆಗೆ ಅಂಟಿಸಿದ ಚೀಟಿಯಲ್ಲ. ಸಿಂಹಳದ ‘ಬಿನ್ನ’, ‘ದೀಗ’ ಕೂಡ ಹಾಗೆಯೇ: ಗಂಡ ಹೆಂಡತಿಯ ಮನೆಗೆ ಹೋದರೆ ಬಿನ್ನ, ಹೆಂಡತಿ ಗಂಡನ ಮನೆಗೆ ಹೋದರೆ ದೀಗ. ಕ್ಯಾಂಡಿ ಸೀಮೆಯ ಮದುವೆಗಳ 1952ರ ಕಾಯಿದೆ ಪ್ರಕಾರ ಯಾವ ಬಗೆಯೆಂದು ನೋಂದಣಿಯಲ್ಲೇ ಬರೆಸುತ್ತಾರೆ. ಹಿಂದಿಯ ‘ಘರ್ ಜಮಾಯಿ’, ತಮಿಳಿನ ‘ವೀಟ್ಟೋಡ ಮಾಪ್ಪಿಳ್ಳೈ’ ನಮ್ಮದರ ಜಾತಿಯವೇ, ಅವುಗಳಿಂದ ಸಾಲ ತಂದು ಲಾಭವಿಲ್ಲ. ಸಂಸ್ಕೃತದ ಸುಭಾಷಿತಕಾರನಂತೂ ಸಾರವಿಲ್ಲದ ಸಂಸಾರದಲ್ಲಿ ಮಾವನ ಮನೆಯೊಂದೇ ಸಾರ, ಅದಕ್ಕೇ ಹರ ಹಿಮಾಲಯದಲ್ಲೂ ಹರಿ ಸಮುದ್ರದಲ್ಲೂ ಮಲಗಿದ್ದಾರೆ ಎಂದುಬಿಟ್ಟ. ದೇವರಾದರೆ ನಡೆಯುತ್ತದೆ.

ಸದ್ಯಕ್ಕೆ ಕರಡಿನಲ್ಲಿ ‘ಮನೆ ತುಂಬಿಸಿಕೊಂಡ ಅಳಿಯ’ ಎಂದು ಹಾಕಿದ್ದೇನೆ. ಓದಿದ ಗೆಳತಿ ‘ಸೇರು ಒದ್ದು ಒಳಗೆ ಬಂದನಾ?’ ಎಂದು ನಕ್ಕಳು. ನಗಲಿ, ‘ಇಟ್ಟುಕೊಂಡ’ದ್ದಕ್ಕಿಂತ ವಾಸಿ. ‘ಇಲ್ಲಟದ ಅಳಿಯ’ ಎಂದೇ ಉಳಿಸಿ ಕೆಳಗೆ ಅರ್ಥ ಕೊಡುವ ದಾರಿಯೂ ಇದೆ, ಆದರೆ ಅದು ಸೋಲೊಪ್ಪಿಕೊಂಡಂತೆ.

ನಿಮ್ಮ ಊರಿನ ಕಡೆ, ಮುಖ್ಯವಾಗಿ ಬಯಲುಸೀಮೆ ಮತ್ತು ಬಡಗಣ ಕರ್ನಾಟಕದ ಒಕ್ಕಲು ಮನೆಗಳಲ್ಲಿ, ಹಂಗಿಸುವ ಧ್ವನಿಯಿಲ್ಲದ ಮಾತು ಬಳಕೆಯಲ್ಲಿದ್ದರೆ ಅದು ಬರುವ ವಾಕ್ಯದ ಸಮೇತ ತಿಳಿಸಿ. ಇನ್ನೊಂದು ಸಣ್ಣ ಪ್ರಶ್ನೆ: ಹಬ್ಬಕ್ಕೆ ಹೆಂಗಸು ಹೋಗುವುದು ತವರಿಗೆ. ನಮ್ಮ ಚಿಕ್ಕಪ್ಪ ಅಪ್ಪ ಅಮ್ಮನನ್ನು ನೋಡಲು ಹೊರಟಾಗ ‘ಊರಿಗೆ ಹೋಗಿ ಬರ್ತೀನಿ’ ಅಂತಷ್ಟೇ ಅನ್ನುತ್ತಿದ್ದರು. ಅಂಥವರು ತಮ್ಮ ಹುಟ್ಟಿದ ಮನೆಯನ್ನು ‘ತವರು’ ಎಂದು ಕರೆದದ್ದನ್ನು, ತಮಾಷೆಗಲ್ಲದೆ, ಯಾರಾದರೂ ಕೇಳಿದ್ದೀರಾ?