ಅಪ್‌ಡೇಟ್: ಪೂಲ್ ಹೀಟರ್ ಕೊನೆಗೂ ಸರಿಹೋಯಿತು

ಹೋದ ತಿಂಗಳು ಕೇಳಿದ್ದೆ ಅಲ್ವಾ? ಈಜುಕೊಳದ ನೀರು ಕಾಯಿಸುವ ಗ್ಯಾಸ್ ಪೂಲ್ ಹೀಟರ್‌ನಲ್ಲಿ ಫ್ಯಾನ್ ತಿರುಗುತ್ತದೆ, ಇಗ್ನೈಟರ್ (ಗ್ಯಾಸ್ ಹೊತ್ತಿಸುವ ಭಾಗ) ಕೆಂಪಗಾಗುತ್ತದೆ, ಬೆಂಕಿಯೂ ಹೊತ್ತುತ್ತದೆ, ನಾಲ್ಕೈದು ಸೆಕೆಂಡಿಗೆ ಆರಿಹೋಗುತ್ತದೆ. ಮೂರು ಸಲ ಹೀಗಾದರೆ ಲಾಕ್, ಅಂದರೆ ಹೀಟರ್ ತಾನೇ ನಿಂತುಬಿಡುತ್ತದೆ.

ಇಗ್ನೈಟರ್ ಬದಲಿಸಿ ಎಂದವರೇ ಜಾಸ್ತಿ. ಬೆಂಕಿ ಹೊತ್ತುತ್ತಿದೆ ಅಂದಮೇಲೆ ಅದರದೇನು ತಪ್ಪು? ಸುಮ್ನೆ ದುಡ್ಡು ದಂಡ. ಒಬ್ಬರು ಮಾತ್ರ ಫ್ಲೇಮ್ ಸೆನ್ಸರ್ (ಬೆಂಕಿ ಇದೆಯೇ ಎಂದು ಗುರುತಿಸುವ ಲೋಹದ ಕಡ್ಡಿ) ನೋಡಿ ಎಂದಿದ್ದರು. ಗ್ಯಾಸ್, ಕರೆಂಟ್ ಎರಡನ್ನೂ ಬಂದ್ ಮಾಡಿ ಬಿಚ್ಚಿದೆ. ಕಡ್ಡಿಯ ಮೇಲೆ ಬಿಳಿ ಪದರ ಕೂತಿತ್ತು. ನಯವಾದ ಸ್ಟೀಲ್ ವುಲ್‌ನಿಂದ ಉಜ್ಜಿದೆ. ಹೀಟರ್ ಓಡಿತು! ಎರಡೇ ದಿನ. ಮತ್ತೆ ಅದೇ ಕಥೆ.

ನಿಜವಾದ ಕಳ್ಳ ಅರ್ಥ್ ವೈರ್. ಸೆನ್ಸರ್‌ನಿಂದ ಬೆಂಕಿಯ ಮೂಲಕ ಬರ್ನರ್‌ಗೆ, ಅಲ್ಲಿಂದ ಅರ್ಥ್‌ಗೆ ಹರಿಯುವ ಕರೆಂಟ್ ಬರೀ ಕೆಲವು ಮೈಕ್ರೋಆಂಪ್. ಅದು ಸಿಕ್ಕರೆ ಮಾತ್ರ ಹೀಟರನ್ನು ನಿಯಂತ್ರಿಸುವ ಬೋರ್ಡ್ ಬೆಂಕಿ ಇದೆ ಎಂದು ನಂಬುತ್ತದೆ, ಇಲ್ಲದಿದ್ದರೆ ಗ್ಯಾಸ್ ವಾಲ್ವ್ ಮುಚ್ಚುತ್ತದೆ. ನನ್ನದರಲ್ಲಿ ಬರ್ನರ್ ಪಕ್ಕದ ಅರ್ಥ್ ಸ್ಕ್ರೂ ತುಕ್ಕು ಹಿಡಿದು ಅಲ್ಲಾಡುತ್ತಿತ್ತು. ತುಕ್ಕು ಕೆರೆದು, ಹೊಸ ಸ್ಕ್ರೂ ಹಾಕಿ ಬಿಗಿ ಮಾಡಿದೆ.

ಗ್ಯಾಸ್ ವಾಲ್ವ್‌ಗೆ ಮಾತ್ರ ನಾನು ಕೈ ಹಾಕಲಿಲ್ಲ. ಗ್ಯಾಸ್ ಪ್ರೆಷರನ್ನು ಟೆಕ್ನಿಷಿಯನ್ ಬಂದು ನೋಡಿದರು, ಸರಿಯಾಗಿಯೇ ಇತ್ತು. ಈಗ ಹತ್ತು ದಿನವಾಯಿತು, ಒಂದು ಸಲವೂ ಲಾಕ್ ಆಗಿಲ್ಲ.