ಪದಚರ್ಚೆ: ಹಳೆಯ ಲೀ-ಎನ್‌ಫೀಲ್ಡ್ ರೈಫಲಿನ ಬಿಡಿಭಾಗಗಳಿಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಗನ್ ಶೋಗಳಲ್ಲಿ, ಅಂದರೆ ಬಂದೂಕಿನ ಸಂತೆಗಳಲ್ಲಿ, ಬಿಡಿಬಿಡಿಯಾಗಿ ಸಿಗುವ, ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ಭಾಗಗಳನ್ನು ಗುರುತು ಹಿಡಿದು, ಶುಚಿ ಮಾಡಿ, ಮತ್ತೆ ಕೂಡಿಸುವ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಮುಖ್ಯವಾಗಿ 1907ರ ಮಾರ್ಕ್ 3, ಅಂದರೆ 1926ರಿಂದ ನಂಬರ್ 1 ಎನಿಸಿಕೊಂಡದ್ದು, ಮತ್ತು ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದವು. ಕರಡಿನಲ್ಲಿ ಹೀಗೆ ಹಾಕಿದ್ದೇನೆ: ಬೋಲ್ಟ್ – ಚಿಲಕ, ಸ್ಟಾಕ್ – ಹಿಡಿ, ರಿಕಾಯಿಲ್ – ಹಿಮ್ಮೆಟ್ಟುವಿಕೆ, ಹೆಡ್‌ಸ್ಪೇಸ್ – ಶಿರೋವಕಾಶ, ಬ್ಲೂಯಿಂಗ್ – ನೀಲೀಕರಣ, ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ – ಕುದಿಸಿದ ಅಗಸೆ ಎಣ್ಣೆ, ಪ್ಯಾಟಿನಾ – ಕಿಲುಬು, ಮ್ಯಾಚಿಂಗ್ ನಂಬರ್ಸ್ – ಹೊಂದಾಣಿಕೆಯ ಸಂಖ್ಯೆಗಳು, ರೆಸ್ಟೊರೇಶನ್ – ಜೀರ್ಣೋದ್ಧಾರ. ತಿದ್ದಿಕೊಡಿ.

ಮೊದಲ ಉತ್ತರ

> ಬೋಲ್ಟ್ – ಚಿಲಕ

ಒಳ್ಳೆಯ ಪದ, ಇಟ್ಟುಕೊಳ್ಳಿ. ಹಿಡಿಯನ್ನು ಎತ್ತಿ ಹಿಂದಕ್ಕೆಳೆಯುವುದು, ಮುಂದೆ ತಳ್ಳಿ ಕೆಳಗೆ ಮಡಿಸುವುದು: ಬಾಗಿಲ ಚಿಲಕದ ಕೆಲಸವೇ ಅದು. ಆದರೆ ಈ ರೈಫಲಿನಲ್ಲಿ ಇಂಗ್ಲಿಷಿನವರು ಬೋಲ್ಟ್ ಎಂದು ಕರೆಯುವ ಇನ್ನೊಂದು ವಸ್ತುವಿದೆ, ಅದೇ ಸ್ಟಾಕ್ ಬೋಲ್ಟ್. ಹಿಂದಿನ ಮರದ ಒಳಗೆ ಉದ್ದಕ್ಕೂ ಹೋಗಿ ಮರವನ್ನು ಲೋಹಕ್ಕೆ ಬಿಗಿಯುವ ಉದ್ದನೆಯ ತಿರುಪು ಅದು. ಎರಡಕ್ಕೂ ಒಂದೇ ಹೆಸರು ಹಾಕಿದರೆ ಓದುಗ ಮರ ಸೀಳಿಕೊಳ್ಳುತ್ತಾನೆ. ಹೇಗೆಂದರೆ, ನಂಬರ್ 1ರಲ್ಲಿ ಈ ತಿರುಪಿನ ಮುಂದಿನ ತುದಿ ಚೌಕವಾಗಿದೆ. ಆ ಚೌಕ ಮುಂದಿನ ಮರದ ಹಿಂತುದಿಯಲ್ಲಿ ಕೂರಿಸಿದ ಸಣ್ಣ ಲೋಹದ ತಟ್ಟೆಯ ಕಚ್ಚಿನಲ್ಲಿ ಸಿಕ್ಕಿಕೊಂಡಿರುತ್ತದೆ. ತಾನಾಗಿ ಸಡಿಲವಾಗಬಾರದೆಂದು ಮಾಡಿದ ಏರ್ಪಾಟು. ಮುಂದಿನ ಮರ ಕಳಚದೆ ಹಿಂದಿನಿಂದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಚೌಕ ತಿರುಗುತ್ತದೆ, ತಟ್ಟೆ ತಿರುಗುತ್ತದೆ, ಮರ ಉದ್ದಕ್ಕೆ ಸೀಳುತ್ತದೆ. ಗನ್ ಶೋ ಮೇಜುಗಳ ಮೇಲೆ ಹಿಂತುದಿ ಸೀಳಿದ ಮರಗಳು ಅಷ್ಟೊಂದು ಇರುವುದಕ್ಕೆ ಇದೊಂದು ಕಾರಣ.

ಹಾಗಾಗಿ ಸ್ಟಾಕ್ ಬೋಲ್ಟಿಗೆ ‘ಉದ್ದ ತಿರುಪು’ ಎನ್ನಿ. ಸೊಗಸಿಲ್ಲ, ಆದರೆ ಯಾರೂ ಅದನ್ನು ಚಿಲಕ ಎಂದುಕೊಳ್ಳುವುದಿಲ್ಲ. ಕ್ರಮವನ್ನೂ ಪದಗಳ ಜೊತೆಗೇ ಕೊಟ್ಟುಬಿಡಿ: ಚಿಲಕ ತೆಗೆಯಿರಿ, ಗುಂಡುಪೆಟ್ಟಿಗೆ (ಮ್ಯಾಗಜೀನ್) ತೆಗೆಯಿರಿ, ಮೂತಿಯ ಕವಚದ (ನೋಸ್ ಕ್ಯಾಪ್) ತಿರುಪುಗಳನ್ನು ಬಿಚ್ಚಿ ಕವಚವನ್ನು ನೇರವಾಗಿ ಮುಂದಕ್ಕೆ ಸರಿಸಿ, ನಡುವಿನ ಹೊರಪಟ್ಟಿಯನ್ನೂ ಅದರಡಿಯ ಒಳಪಟ್ಟಿಯ ತಿರುಪನ್ನೂ ಬಿಚ್ಚಿ, ಮೇಲಿನ ಮರಗಳನ್ನು ಎತ್ತಿ, ಟ್ರಿಗರ್ ಗಾರ್ಡಿನ ಎರಡು ತಿರುಪು ಬಿಚ್ಚಿ, ಆಮೇಲೆ ಮುಂದಿನ ಮರವನ್ನು ನೇರವಾಗಿ ಕೆಳಕ್ಕೆ ಇಳಿಸಿ. ಅತ್ತಿತ್ತ ಅಲ್ಲಾಡಿಸಿ ಕೀಳಬಾರದು. ಇಷ್ಟಾದ ಮೇಲೆಯೇ ಉದ್ದ ತಿರುಪು. ಅದರ ತಲೆಯ ಮೇಲೆ ಚರ್ಮದ ಇಲ್ಲವೇ ಫೆಲ್ಟಿನ ಬಿರಡೆ ಇರುತ್ತದೆ. ಮೊದಲು ಅದನ್ನು ಕೊಕ್ಕೆಯಿಂದ ಎಳೆದು ತೆಗೆಯದಿದ್ದರೆ ಸ್ಕ್ರೂಡ್ರೈವರ್ ಕಚ್ಚಿಕೊಳ್ಳುವುದೇ ಇಲ್ಲ. ಮತ್ತೆ ಕೂಡಿಸುವಾಗ ಉದ್ದ ತಿರುಪನ್ನು ಬಿಗಿ ಮಾಡಿ, ಚೌಕದ ಮುಖ ತಟ್ಟೆಯ ಕಚ್ಚಿಗೆ ಸರಿಯಾಗಿ ನಿಲ್ಲುವಂತೆ ನೋಡಿಕೊಂಡು, ಆಮೇಲೆ ಮುಂದಿನ ಮರ ಏರಿಸಬೇಕು.

> ಸ್ಟಾಕ್ – ಹಿಡಿ

ಈ ರೈಫಲಿಗೆ ಒಪ್ಪುವುದಿಲ್ಲ. ಇದರ ಮರ ಇಡಿಯಾಗಿಲ್ಲ, ನಾಲ್ಕು ತುಂಡು. ಹಿಮ್ಮೇಳ, ಮುಮ್ಮೇಳ ಎನ್ನುವ ಭಾಷೆಗೆ ಹಿಮ್ಮರ, ಮುಮ್ಮರ ಕಷ್ಟವಾಗಬಾರದು. ನಳಿಗೆಯ ಮೇಲೆ ಕೂರುವ ಎರಡು ತುಂಡು ಹ್ಯಾಂಡ್‌ಗಾರ್ಡುಗಳಿಗೆ ಮೇಲ್ಮರ: ಮುಂದಿನ ಮೇಲ್ಮರ, ಹಿಂದಿನ ಮೇಲ್ಮರ. ಹಿಂದಿನದರಲ್ಲಿ ಗುರಿಪಟ್ಟಿಯ, ಅಂದರೆ ಹಿಂದಿನ ಸೈಟಿನ, ಎರಡೂ ಪಕ್ಕಕ್ಕೆ ಚಾಚಿದ ತೆಳ್ಳನೆಯ ಕಿವಿಗಳಿವೆ. ಮುರಿಯುವುದು ಮೊದಲು ಅವೇ. ಕಿವಿ ಎಂಬ ಪದವನ್ನು ಹಾಗೇ ಉಳಿಸಿಕೊಳ್ಳಿ. ಕೊಳ್ಳುವಾಗ ಕಿವಿ ಎರಡೂ ಇದೆಯೇ, ಒಳಗಿನ ಸ್ಪ್ರಿಂಗ್ ಹಿಡಿಕೆಗಳು ರಿವೆಟ್ಟಿನಿಂದ ಕಿತ್ತುಬಂದಿಲ್ಲವೇ ಎಂದು ನೋಡಬೇಕು.

ಹಿಮ್ಮರದ ಉದ್ದಕ್ಕೆ ಅಕ್ಷರದ ಗುರುತಿದೆ. ಸಾಮಾನ್ಯ ಅಳತೆಗೆ ಗುರುತಿಲ್ಲ; ‘ಎಲ್’ ಅರ್ಧ ಇಂಚು ಉದ್ದ, ‘ಎಸ್’ ಅರ್ಧ ಇಂಚು ಗಿಡ್ಡ, ‘ಬಿ’ ಒಂದು ಇಂಚು ಗಿಡ್ಡ. ಹಿಮ್ಮರದ ಹಿಂತುದಿಗೆ ಹಾಕಿದ ಹಿತ್ತಾಳೆ ತಟ್ಟೆಯ ನಾಲಗೆ ಮರದ ಮೇಲಂಚಿಗೆ ಬರುತ್ತದಲ್ಲ, ಅದರ ಮುಂದೆ ಹುಡುಕಬೇಕು.

> ರಿಕಾಯಿಲ್ – ಹಿಮ್ಮೆಟ್ಟುವಿಕೆ

ಸೈನ್ಯ ಹಿಮ್ಮೆಟ್ಟುತ್ತದೆ, ಕೋವಿ ಒದೆಯುತ್ತದೆ. ‘ಒದೆ’ ಸಾಕು. ಹಾಗೆ ಇಟ್ಟುಕೊಂಡರೆ ಮುಮ್ಮರದ ಒಳಗೆ ಹಿಂತುದಿಯಲ್ಲಿರುವ, ಲೋಹದ ಒಡಲು (ರಿಸೀವರ್) ಬಂದು ಒತ್ತುವ ಎರಡು ಮುಖಗಳಿಗೆ ‘ಒದೆಮುಖ’ ಎಂದು ಸಲೀಸಾಗಿ ಹೇಳಬಹುದು. ಹಳೆಯ ಮುಮ್ಮರ ಕೊಳ್ಳುವವರು ಮೊದಲು ನೋಡಬೇಕಾದ ಜಾಗ ಅದು. ವರ್ಷಗಟ್ಟಲೆ ಎಣ್ಣೆ ಕುಡಿದು ಮರ ಮೆತ್ತಗಾಗಿ ಒದೆಮುಖ ಕುಸಿದಿರುತ್ತದೆ. ಆಗ ಪ್ರತಿ ಈಡಿಗೂ ಒಡಲು ಮರವನ್ನು ಬೆಣೆಯಂತೆ ಬಿಡಿಸುತ್ತ ಹೋಗುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕಪ್ಪಗೆ ಹೊಳೆಯುವ ತಗ್ಗು ಕಾಣುತ್ತದೆ. ಸರಿಪಡಿಸಲು ಮೆತ್ತಗಾದಷ್ಟನ್ನು ಕೆತ್ತಿ ತೆಗೆದು, ಗಟ್ಟಿ ಮರದ ತೇಪೆಯನ್ನು ಅದರ ಎಳೆಯ ತುದಿ ಲೋಹಕ್ಕೆ ಎದುರಾಗುವಂತೆ ಕೂರಿಸಿ ಎಪಾಕ್ಸಿಯಿಂದ ಅಂಟಿಸಬೇಕು. ಎಳೆ ಅಡ್ಡಲಾಗಿ ಕೂತರೆ ತೇಪೆಯೂ ಕುಸಿಯುತ್ತದೆ. ಇಶಾಪುರದವರು ಮುಮ್ಮರ ಸೀಳದಿರಲೆಂದು ಅಡ್ಡಲಾಗಿ ಒಂದು ತಿರುಪನ್ನೇ ಹಾಕುತ್ತಿದ್ದರು. ಕೈಪಿಡಿಯಲ್ಲಿ ಅದಕ್ಕೆ ‘ಇಶಾಪುರ ತಿರುಪು’ ಎನ್ನಿ, ಸಂಗ್ರಾಹಕರು ಹಾಗೇ ಕರೆಯುವುದು. ಅದನ್ನು ಯಾರೋ ಮಾಡಿದ ಕಳಪೆ ರಿಪೇರಿ ಎಂದು ತಪ್ಪಾಗಿ ತಿಳಿದು ಕಿತ್ತುಹಾಕುವವರಿದ್ದಾರೆ.

ಟ್ರಿಗರ್ ಗಾರ್ಡಿನ ಮುಂದಿನ ತಿರುಪಿಗೆ ಒಂದು ಸಣ್ಣ ಕೊಳವೆ ಇದೆ, ಇಂಗ್ಲಿಷಿನಲ್ಲಿ ಕಾಲರ್. ಬಿಡಿ ಮುಮ್ಮರಗಳಲ್ಲಿ ಇದು ಬಿದ್ದುಹೋಗಿರುವುದೇ ಹೆಚ್ಚು. ಇಲ್ಲದೆ ಬಿಗಿದರೆ ತಿರುಪು ಮರವನ್ನು ಜಜ್ಜುತ್ತದೆ. ಇನ್ನೊಂದು ಮಾತು: ಈ ತಿರುಪುಗಳ ತ್ರೆಡ್ ಅಮೆರಿಕದ ಹಾರ್ಡ್‌ವೇರ್ ಅಂಗಡಿಯ ತಿರುಪಿನದಲ್ಲ, ಮಿಲಿಮೀಟರಿನದೂ ಅಲ್ಲ. ಎರಡು ಸುತ್ತು ಹೋಯಿತೆಂದು ಒತ್ತಾಯ ಮಾಡಿದರೆ ಒಡಲಿನ ತ್ರೆಡ್ಡೇ ಹೋಗುತ್ತದೆ.

> ಹೆಡ್‌ಸ್ಪೇಸ್ – ಶಿರೋವಕಾಶ

ಯೋಗಾಸನದ ಹೆಸರಿನ ಹಾಗಿದೆ. ‘ಅಂಚುಸಂದು’ ಎನ್ನಬಹುದು. ಏಕೆಂದರೆ .303 ತೋಟೆಗೆ ಹಿಂದೆ ಅಂಚಿದೆ. ಆ ಅಂಚು ನಳಿಗೆಯ ಹಿಂಬದಿಗೂ ಚಿಲಕದ ಮುಖಕ್ಕೂ ನಡುವೆ ಕೂರುತ್ತದೆ, ಅಳೆಯುವುದು ಆ ಸಂದನ್ನೇ. ಬ್ರಿಟಿಷ್ ಸೇನೆಯ ಗೇಜಿನ, ಅಂದರೆ ಅಳತೆಯ ತುಂಡಿನ, ಪ್ರಕಾರ .064 ಇಂಚಿನ ಗೇಜಿನ ಮೇಲೆ ಚಿಲಕ ಮುಚ್ಚಬೇಕು, .074ರ ಮೇಲೆ ಮುಚ್ಚಬಾರದು. ಮಿಲಿಮೀಟರಿನಲ್ಲಿ ಸುಮಾರು 1.63, 1.88. ಅಂಚಿಲ್ಲದ ತೋಟೆಯ ರೈಫಲಿಗೆ ಅಂಚುಸಂದು ಹೊಂದುವುದಿಲ್ಲ ಎಂಬ ಆಕ್ಷೇಪ ನಿಜ. ಇಶಾಪುರದ, 7.62 ಮಿ.ಮೀ. ತೋಟೆಯ 2ಎ1 ರೈಫಲಿಗೆ ಬರುವಾಗ ‘ತೋಟೆಸಂದು’ ಎಂದು ಬದಲಿಸಬೇಕಾಗುತ್ತದೆ. ಮೊದಲಿನಿಂದಲೇ ತೋಟೆಸಂದು ಎಂದಿಟ್ಟರೂ ಸರಿ.

ಪದಕ್ಕಿಂತ ಮುಖ್ಯವಾದದ್ದು, ಬಿಡಿ ಚಿಲಕ ಕೊಳ್ಳುವುದು ಜೂಜು ಎಂದು ಸ್ಪಷ್ಟವಾಗಿ ಬರೆಯುವುದು. ಚಿಲಕದ ಲಗ್‌ಗಳನ್ನು, ಅಂದರೆ ಒಡಲಿಗೆ ಕಚ್ಚಿಕೊಳ್ಳುವ ಚಾಚುಗಳನ್ನು, ಆಯಾ ಒಡಲಿಗೆ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ನಂತರದ ಮಾದರಿಯಾದ ನಂಬರ್ 4ರಲ್ಲಿ ಚಿಲಕದ ತಲೆ (ಬೋಲ್ಟ್ ಹೆಡ್) 0, 1, 2, 3 ಎಂಬ ಅಳತೆಗಳಲ್ಲಿ ಸಿಗುತ್ತದೆ, 3 ಎಲ್ಲಕ್ಕಿಂತ ಉದ್ದ. ನಂಬರ್ 1ರಲ್ಲಿ ಹಾಗೆ ಅಂಕಿಯ ಅಳತೆಗಳಿಲ್ಲ. ಹಾಗಾಗಿ ‘ತಲೆ ಬದಲಿಸಿದರೆ ಸರಿಹೋಗುತ್ತದೆ’ ಎಂಬ ಮೇಜಿನವನ ಮಾತು ಎರಡಕ್ಕೂ ಒಂದೇ ರೀತಿ ಅನ್ವಯಿಸುವುದಿಲ್ಲ. ಕೂಡಿಸಿದ ರೈಫಲನ್ನು ಗೇಜಿನಲ್ಲಿ ಅಳೆಸದೆ ಹಾರಿಸಕೂಡದು.

> ಬ್ಲೂಯಿಂಗ್ – ನೀಲೀಕರಣ

ನೀಲಿ ಎಂದರೆ ನಮಗೆ ಬಿಳಿ ಬಟ್ಟೆಗೆ ಹಾಕುವುದು. ಇಲ್ಲಿ ಆಗುವುದು ಉಕ್ಕಿನ ಮೇಲ್ಮೈಯನ್ನು ಕಪ್ಪು ಆಕ್ಸೈಡಿಗೆ ತಿರುಗಿಸುವುದು. ‘ಕಪ್ಪೇರಿಸು’ ಎನ್ನಿ. ಕೆಂಪು ತುಕ್ಕು ಹಿಡಿದ ಸಣ್ಣ ಭಾಗಗಳಿಗೆ ಇದೇ ರಸಾಯನ ಉಪಯೋಗಕ್ಕೆ ಬರುತ್ತದೆ: ಜಿಡ್ಡು ಪೂರ್ತಿ ತೆಗೆದು, ಡಿಸ್ಟಿಲ್ಡ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ, ಸಡಿಲವಾದ ಮಸಿಯನ್ನು ಎಣ್ಣೆ ಸೋಕಿಸದ 0000 (ಅತಿ ನಯವಾದ) ಉಕ್ಕಿನ ಉಣ್ಣೆಯಿಂದ ಹಗುರಾಗಿ ಒರೆಸಿ ತಕ್ಷಣ ಎಣ್ಣೆ ಹಚ್ಚಬೇಕು. ಉಣ್ಣೆಯಲ್ಲಿ ಅಂಗಡಿಯ ಎಣ್ಣೆ ಉಳಿದಿದ್ದರೆ ಮುಂದಿನ ಕುದಿತ ಮಚ್ಚೆಮಚ್ಚೆಯಾಗುತ್ತದೆ. ತಂತಿಚಕ್ರ ಮಾತ್ರ ಬೇಡ. ಮುದ್ರೆಗಳ ಅಂಚು ಕರಗುತ್ತದೆ. ಇಶಾಪುರದ ಎಷ್ಟೋ ರೈಫಲುಗಳ ಮೇಲಿರುವುದು ಕಪ್ಪು ಬಣ್ಣದ ಪೇಂಟು. ಅದನ್ನು ಕಪ್ಪೇರಿಸಿದ್ದು ಎನ್ನಬೇಡಿ, ಪೇಂಟು ಎಂದೇ ಹೇಳಿ. ಓದುಗ ಅದನ್ನು ಕುದಿಸಲು ಹೋಗಬಾರದು.

> ಕುದಿಸಿದ ಅಗಸೆ ಎಣ್ಣೆ

ಇದು ಅಪಾಯ. ಅಂಗಡಿಯ ಡಬ್ಬಿಯ ಮೇಲೆ ಬಾಯ್ಲ್ಡ್ ಎಂದಿದ್ದರೂ ಈಗ ಅದನ್ನು ಕುದಿಸಿರುವುದಿಲ್ಲ, ಬೇಗ ಒಣಗುವಂತೆ ಲೋಹದ ಲವಣ ಬೆರೆಸಿರುತ್ತಾರೆ. ‘ಕುದಿಸಿದ’ ಎಂದು ಓದಿದವರು ಮನೆಯಲ್ಲಿ ಒಲೆಯ ಮೇಲೆ ಇಟ್ಟಾರು. ‘ಬೇಗ ಒಣಗುವ ಅಗಸೆ ಎಣ್ಣೆ’ ಎನ್ನಿ. ಇನ್ನೊಂದು ‘ಹಸಿ ಅಗಸೆ ಎಣ್ಣೆ’, ಸೇನೆ ಬಳಸುತ್ತಿದ್ದದ್ದು ಅದೇ. ಎಣ್ಣೆಗೆ ಮೊದಲು ಹಳೆಯ ಜಿಡ್ಡು ಹೊರಬರಬೇಕು. ಮರವನ್ನು ಕಪ್ಪು ಪಾಲಿಥೀನಿನಲ್ಲಿ ಸುತ್ತಿ ಬಿಸಿಲಿಗಿಟ್ಟು, ಬೆವರಿದ್ದನ್ನು ಆಗಾಗ ಒರೆಸಿ. ಹಟಮಾರಿ ಕಲೆಗೆ ಸೀಮೆಸುಣ್ಣದ ಪುಡಿಯನ್ನು ಮಿನರಲ್ ಸ್ಪಿರಿಟ್‌ನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ. ತಗ್ಗುಗಳಿಗೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ, ಮುದ್ರೆ ಇರುವ ಕಡೆ ಅದೂ ಬೇಡ. ಹವೆಗೆ ಮರ ಉಬ್ಬಿ ಮುದ್ರೆಯೂ ಮೇಲೆದ್ದು ಅಳಿಸುತ್ತದೆ. ಆಮೇಲೆ ಎಣ್ಣೆಯ ತೆಳು ಕೈ, ಅಂಗೈಯಿಂದ ಬಿಸಿಯಾಗುವಷ್ಟು ಉಜ್ಜಿ, ಒಂದು ದಿನ ಬಿಟ್ಟು ಮತ್ತೊಂದು ಕೈ. ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹತ್ತುತ್ತದೆ, ಹರವಿ ಒಣಗಿಸಬೇಕು.

> ಪ್ಯಾಟಿನಾ – ಕಿಲುಬು

ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆ ತಾಮ್ರಕ್ಕೆ ಕಿಲುಬು. ಎರಡೂ ಬೇಡದವು. ಪ್ಯಾಟಿನಾ ಬೇಕಾದದ್ದು. ‘ಮಾಗಿದ ಬಣ್ಣ’ ಸಾಲದೇ? ಹಿತ್ತಾಳೆ ತಟ್ಟೆಯ ಹಸಿರು ಕಿಲುಬನ್ನು ಮರದ ಕಡ್ಡಿಗೆ ಎಣ್ಣೆ ಹಚ್ಚಿ ಕೆರೆದು ತೆಗೆದರೆ ಸಾಕು, ಕಂದು ಬಣ್ಣ ಉಳಿಯಬೇಕು. ಹುಣಸೆಹಣ್ಣು ಹಾಕಿ ದೇವರ ದೀಪದ ಹಾಗೆ ತಿಕ್ಕಿದರೆ ಬೆಲೆಯೂ ಜೊತೆಗೆ ಹೋಯಿತು.

ಅದೇ ಕಾರಣಕ್ಕೆ ಜೀರ್ಣೋದ್ಧಾರವೂ ಬೇಡ. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿನ ದೇವಸ್ಥಾನಕ್ಕೆ ಎನಾಮೆಲ್ ಬಳಿದದ್ದನ್ನು ಎಲ್ಲರೂ ಕಂಡಿದ್ದೇವೆ. ‘ಮೂಲಕ್ಕೆ ತರುವುದು’ ಎಂದರೆ ಕೆಲಸದ ಮಿತಿಯೂ ತಿಳಿಯುತ್ತದೆ.

ಎರಡನೆಯ ಉತ್ತರ

ಹೆಚ್ಚಿನದಕ್ಕೆ ಒಪ್ಪಿಗೆ. ಬಿಟ್ಟುಹೋದವು ಕೆಲವು.

ಮ್ಯಾಚಿಂಗ್ ನಂಬರ್ಸ್: ‘ಒಂದೇ ನಂಬರಿನ ರೈಫಲು’ ಎಂದರೆ ಸಾಕು. ನಂಬರ್ 1ರಲ್ಲಿ ನಂಬರು ಹುಡುಕಬೇಕಾದ ಜಾಗಗಳು ಒಡಲು, ನಳಿಗೆ, ಚಿಲಕದ ಹಿಡಿಯ ಹಿಂಬದಿ, ಗುರಿಪಟ್ಟಿಯ ತಳ, ಮೂತಿಯ ಕವಚ, ಮುಮ್ಮರದ ತುದಿಯ ಕೆಳಭಾಗ. ಸೇನೆಯ ಕಾರ್ಖಾನೆಗಳೇ ಹಳೆಯ ನಂಬರನ್ನು ಗೀಟು ಹಾಕಿ ಹೊಡೆದು ಹೊಸದನ್ನು ಒತ್ತಿದ್ದುಂಟು. ಅದು ಮೋಸವಲ್ಲ. ಹಳೆಯದನ್ನು ಅರದಿಂದ ಉಜ್ಜಿ ಅಳಿಸಿ ಹೊಸದು ಒತ್ತಿದ್ದರೆ ಅನುಮಾನಪಡಬೇಕು.

ಡ್ರಿಲ್ ಪರ್ಪಸ್ ಎಂಬುದಕ್ಕೆ ‘ಕವಾಯತು ರೈಫಲು’ ಇದೆಯಲ್ಲ. ‘ಡಿ.ಪಿ.’ ಮುದ್ರೆಯಿರುವ ಒಡಲು, ನಳಿಗೆ, ಚಿಲಕ ಯಾವುದೂ ಹಾರಿಸಲು ಅಲ್ಲ. ಅವುಗಳ ಮರ, ಹಿತ್ತಾಳೆ, ಪಟ್ಟಿ ಬಕಲುಗಳನ್ನು ಬಳಸಬಹುದು. ಅಷ್ಟನ್ನು ಕಡ್ಡಾಯವಾಗಿ ಸೇರಿಸಿ.

ಮ್ಯಾಗಜೀನಿಗೆ ‘ಮದ್ದಿನಮನೆ’ ಎಂದು ಪದಕೋಶ ನೋಡಿ ಬರೆದವರಿದ್ದಾರೆ. ಅದು ಕೋಟೆಯೊಳಗಿನ ಕಟ್ಟಡ. ಗುಂಡುಪೆಟ್ಟಿಗೆಯೇ ಸರಿ: ನಂಬರ್ 1ರದ್ದು 10 ತೋಟೆಯದು, 2ಎ1ದ್ದು 12ರದು ಮತ್ತು ಚೌಕಾಕಾರ, ಅದಲುಬದಲಾಗುವುದಿಲ್ಲ.

ಕುದುರೆ ಎಂಬ ಪದ ಯಾರೂ ಎತ್ತಿಲ್ಲ. ಮಲೆನಾಡಿನ ಕೇಪಿನ ಕೋವಿಯಲ್ಲಿ ಎಳೆದು ನಿಲ್ಲಿಸುವ, ಕೇಪಿನ ಮೇಲೆ ಬೀಳುವ ಭಾಗ ಕುದುರೆ. ಕತೆಗಳಲ್ಲಿ ‘ಕುದುರೆ ಎಳೆದ’ ಎಂದರೆ ಟ್ರಿಗರ್. ಲೀ-ಎನ್‌ಫೀಲ್ಡಿನಲ್ಲಿ ಚಿಲಕದ ಹಿಂದೆ ಬೆರಳಿಂದ ಎಳೆಯಬಹುದಾದ ಭಾಗಕ್ಕೆ ಕುದುರೆ ಸರಿಹೊಂದುತ್ತದೆ, ಟ್ರಿಗರ್ ಟ್ರಿಗರ್ ಆಗಿಯೇ ಇರಲಿ. ನಳಿಗೆ ಒರೆಸುವ ದಾರಕ್ಕೆ ಎನ್‌ಸಿಸಿಯವರು ಹೇಳುವ ‘ಫುಲ್ತ್ರೂ’, ಬಟ್ಟೆಗೆ ‘ಚಿಂದಿ’ ಇವೆರಡೂ ಚಲಾವಣೆಯಲ್ಲಿವೆ, ಹೊಸದು ಕಟ್ಟುವ ಶ್ರಮ ಬೇಡ.

ಒಂದು ಎಚ್ಚರಿಕೆಯ ಸಾಲು ಮೊದಲ ಪುಟದಲ್ಲೇ ಇರಲಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಬಂದೂಕು ಎನಿಸಿಕೊಳ್ಳುವುದು ಒಡಲು, ಅಂದರೆ ರಿಸೀವರ್. ಆದ್ದರಿಂದಲೇ ಮರ, ತಿರುಪು, ಕವಚಗಳು ಅಲ್ಲಿ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಭಾರತದ 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ, .303 ನಿಷೇಧಿತ ಬೋರು. ಕೊಡಗಿನವರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ನೆಚ್ಚಿಕೊಂಡು ಯಾರೂ ಸೂಟ್‌ಕೇಸಿನಲ್ಲಿ ಚಿಲಕ ಹಾಕಿಕೊಂಡು ಬರಬಾರದು.

ಮೂರನೆಯ ಉತ್ತರ

ಹಿಮ್ಮರದ ಬಲಪಕ್ಕದ ಹಿತ್ತಾಳೆ ಮಾರ್ಕಿಂಗ್ ಡಿಸ್ಕಿಗೆ ‘ಬಿಲ್ಲೆ’ ಎನ್ನಿ. ಪಲ್ಟನ್ನಿನ ಹೆಸರು, ರೈಫಲಿನ ಕ್ರಮಾಂಕ ಅದರ ಮೇಲೆ ಇರುತ್ತಿತ್ತು. ಮೊದಲ ಮಹಾಯುದ್ಧದ ನಡುವೆ ಬಿಲ್ಲೆ ಹಾಕುವುದನ್ನೇ ಕೈಬಿಟ್ಟರು, ಹಾಗಾಗಿ ಖಾಲಿ ಬಿಲ್ಲೆಗೂ ಹೊಸ ಮುದ್ರೆ ಒತ್ತಿ ಮಾರುವವರು ಹುಟ್ಟಿಕೊಂಡಿದ್ದಾರೆ. ಅಕ್ಷರದ ಅಂಚು ಚೂಪಾಗಿದ್ದು, ಗೀರುಗಳು ಅಕ್ಷರದ ಕೆಳಗೆ ಹಾದುಹೋಗಿದ್ದರೆ ಮುದ್ರೆ ಈಚಿನದು. ಬೆರಳಾಡಿಸಿಯೂ ನೋಡಬೇಕು. ಬಿಲ್ಲೆ ಮರಕ್ಕಿಂತ ಎತ್ತರ ನಿಂತಿದ್ದರೆ, ಹಿಂದಿನ ಹಿತ್ತಾಳೆ ತಟ್ಟೆಯ ಅಂಚು ಮರದಿಂದಾಚೆ ಉಗುರಿಗೆ ಸಿಗುವಂತಿದ್ದರೆ, ಯಾರೋ ಉಪ್ಪುಕಾಗದ ಹಾಕಿ ಮರ ಇಳಿಸಿದ್ದಾರೆ ಎಂದರ್ಥ. ಅಂಥದ್ದಕ್ಕೆ ಮೂಲ ಮರದ ಬೆಲೆ ಕೊಡಬಾರದು.