ಸಾವಯವ, ಸೇಂದ್ರಿಯ, ಜೈವಿಕ: ಮೂರೂ ಒಂದೇನಾ?

ಪುಣೆಯಲ್ಲಿ ನಮ್ಮದು ಬಾಲ್ಕನಿ ತೋಟ. ಕಳೆದ ಮಳೆಗಾಲದಲ್ಲಿ ಅವರೆ ಬಿತ್ತೋಣ ಎಂದು ಒಂದು ಚೀಲ ಕಪ್ಪು ಪುಡಿ ತಂದೆ. ಮೇಲೆ ಹಿಂದಿಯಲ್ಲಿ 'ಜೈವಿಕ ಖಾದ್' ಎಂದಿತ್ತು. ನಮ್ಮ ಕಡೆ ಜೈವಿಕ ಗೊಬ್ಬರ ಅಂದರೆ ರೈಜೋಬಿಯಂ ಥರದ, ಬೀಜಕ್ಕೆ ಹಚ್ಚುವ ಜೀವಾಣು ಗೊಬ್ಬರ ಅಲ್ವಾ? ಅದೇ ಇರಬೇಕೆಂದು ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿದೆ. ಅತ್ತೆ ಧಾರವಾಡದವರು. ಮೂಸಿ ನೋಡಿ, 'ಅಲ್ಲವಾ, ಬೀಜಕ್ಕ ಹೆಂಡಿ ಯಾಕ ಬಳದೀ?' ಎಂದರು. ಹೌದು, ಬರೀ ಸಗಣಿ ಗೊಬ್ಬರ! ಹಿಂದಿಯವರ ಜೈವಿಕವೇ ನಮ್ಮ ಸಾವಯವ.

ಮರಾಠಿ ಚೀಲ ತಂದಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಅದರ ಮೇಲೆ 'ಸೇಂದ್ರಿಯ ಖತ' ಎಂದಿರುತ್ತದೆ. ಆದರೆ ನನ್ನ ತಲೆಗೆ ಹುಳ ಬಿಟ್ಟದ್ದೂ ಅದೇ. ಇಂದ್ರಿಯ ಇರುವುದು ಸೇಂದ್ರಿಯ, ಅವಯವ ಇರುವುದು ಸಾವಯವ. ಗೊಬ್ಬರಕ್ಕೆ ಎಲ್ಲಿಯ ಕಣ್ಣು ಕಿವಿ, ಎಲ್ಲಿಯ ಕೈಕಾಲು? ಎರಡೂ ಇಂಗ್ಲಿಷಿನ ಆರ್ಗ್ಯಾನಿಕ್‌ಗೆ ಹೊಂದಿಸಿಕೊಂಡ ಪದಗಳು. ಆರ್ಗನ್ ಮರಾಠಿಯವರಿಗೆ ಇಂದ್ರಿಯವಾಯಿತು, ನಮಗೆ ಅವಯವವಾಯಿತು.

ರಸಾಯನಶಾಸ್ತ್ರದಲ್ಲೂ ಇವೇ ಪದ. ಅಲ್ಲಿ ಇಂಗಾಲದ ಹೆಚ್ಚಿನ ಸಂಯುಕ್ತಗಳೆಲ್ಲ ಸಾವಯವ, ಹಾಗಾಗಿ ಯೂರಿಯಾ ಕೂಡ! 1828ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ್ದು ಅದನ್ನೇ. ಸಾವಯವ ಕೃಷಿಯಲ್ಲಿ ಮಾತ್ರ ಅಂಗಡಿಯ ಯೂರಿಯಾಕ್ಕೆ ಜಾಗವಿಲ್ಲ. ಅಂದರೆ 'ರಾಸಾಯನಿಕ ಹಾಕದ್ದು' ಎಂಬ ಅರ್ಥ ಪದದೊಳಗಿಲ್ಲ, ಬಳಸಿ ಬಳಸಿ ಬಂದದ್ದು.

ಆದರೂ ನನ್ನ ಓಟು ಸಾವಯವಕ್ಕೇ. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ 'ಆರ್ಗ್ಯಾನಿಕ್' ಬೇಸಾಯ ಎಂದಾಗ ಅವರ ಕಣ್ಣ ಮುಂದಿದ್ದದ್ದು ಗೊಬ್ಬರವಲ್ಲ, ಇಡೀ ಹೊಲ. ಹೊಲವೇ ಒಂದು ಜೀವಂತ ದೇಹ ಎಂಬ ಯೋಚನೆ ಅದು. ದನ, ತಿಪ್ಪೆ, ಎರೆಹುಳು, ಬೆಳೆ ಎಲ್ಲ ಅದರ ಅವಯವಗಳು ಅಂದುಕೊಳ್ಳಿ. ಆಗ ಸಾವಯವ ಕೃಷಿ ಎಷ್ಟು ಚೆನ್ನಾಗಿ ಕೂರುತ್ತದೆ! 'ಸಾವಯವ ಬೆಲ್ಲ' ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಬಲ್ಲವರು ಹೇಳಬೇಕು: ಬೆಳಗಾವಿ, ಧಾರವಾಡದ ಹಳಬರು ಸೇಂದ್ರಿಯ ಎನ್ನುತ್ತಿದ್ದರೇ? ಇಂಥ ಬೇಸಾಯಕ್ಕೆ ರೈತರ ಬಾಯಲ್ಲಿ ಅಚ್ಚಗನ್ನಡದ ಪದ ಕೇಳಿದ್ದೀರಾ? ಅತ್ತೆಯನ್ನು ಕೇಳಿದರೆ, 'ಆವಾಗ ಇದ್ದದ್ದ ಅದೊಂದ ಒಕ್ಕಲುತನ, ಬ್ಯಾರೆ ಹೆಸರ ಯಾಕ?' ಎನ್ನುತ್ತಾರೆ.

ಇನ್ನೊಂದು. ಇಲ್ಲಿ 'ನಿಂಬೋಳಿ ಪೇಂಡ' ಎಂದಾಗ ಸುಮ್ನೆ ನಿಂಬೆಹಣ್ಣಿನದೇನೋ ಅಂದುಕೊಂಡಿದ್ದೆ. ಅದು ಬೇವಿನ ಹಿಂಡಿ. ನಿಂಬೋಳಿ ಅಂದರೆ ಬೇವಿನ ಕಾಯಿ. ಅದಕ್ಕೆ ನಿಮ್ಮೂರಲ್ಲಿ ಹೀಗೆ ಒಂದೇ ಪದ ಇದೆಯೇ?